ಸಂಬಾರ ಪೇಟೆಯಲ್ಲಿ ಚಿಕ್ಕೀರನ ವ್ಯಾಪಾರ

ಹೂಂಗುಟ್ಟುವವರು ಮುಂದೆ ಬನ್ನಿ, ಆಕಳಿಸುವವರು ಗೋಡೆ ಕಡೆ ಸರಿಯಿರಿ. ನಡುವೆ ಎದ್ದು ಹೋಗುವವರಿದ್ದರೆ ಈಗಲೇ ಹೋಗಿಬಿಡಿ, ಆಮೇಲೆ ಒಬ್ಬರೇ ಹೋಗುವುದಕ್ಕೆ ಮನಸ್ಸು ಬರುವುದಿಲ್ಲ.

ಒಂದೂರಲ್ಲಿ ಹೊಂಬಾಳಮ್ಮ ಅಂತ ಒಬ್ಬ ತಾಯಿ, ಚಿಕ್ಕೀರ ಅಂತ ಅವಳ ಮಗ. ಗಂಡ ಯಾವತ್ತೋ ಹೋದ. ಬೇರೆ ಮಕ್ಕಳಿಲ್ಲ. ಇದ್ದೊಬ್ಬ ಮಗನಿಗೆ ಬ್ರಹ್ಮ ಎತ್ತರ ಕೊಟ್ಟ, ತೋಳು ಕೊಟ್ಟ, ಹಸಿವನ್ನಂತೂ ಧಾರಾಳವಾಗಿ ಕೊಟ್ಟ. ಬುದ್ಧಿ ಕೊಡುವ ಹೊತ್ತಿಗೆ ಯಾರೋ ಕರೆದರು ಅಂತ ಎದ್ದು ಹೋದ, ವಾಪಸ್ ಬರಲೇ ಇಲ್ಲ.

ಹಾಗಂತ ಚಿಕ್ಕೀರ ತಾಯಿ ಮಾತು ಮೀರುವವನಲ್ಲ. ಅದೇ ಗ್ರಹಚಾರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. "ಹಾಲು ಉಕ್ತದಾ ನೋಡ್ತಿರು ಮಗಾ" ಅಂದರೆ ನೋಡುತ್ತಲೇ ಇರುತ್ತಿದ್ದ. ಹಾಲೆಲ್ಲ ಉಕ್ಕಿ ಒಲೆ ಆರಿದ ಮೇಲೆ, "ಉಕ್ತು ಕಣವ್ವ, ನೋಡ್ದೆ" ಅನ್ನುತ್ತಿದ್ದ. ಹೇಳಿದ ಮಾತು ಕೇಳುವುದಿಲ್ಲ ಅಂತ ಮಕ್ಕಳನ್ನು ಬಯ್ಯುವ ತಾಯಂದಿರನ್ನು ಕಂಡರೆ ಹೊಂಬಾಳಮ್ಮನಿಗೆ ಹೊಟ್ಟೆಕಿಚ್ಚು.

"ನಾನು ಕಣ್ಣು ಮುಚ್ಕೊಂಡ ಮೇಲೆ ನಿನ್ನ ಯಾರ್ಲಾ ನೋಡ್ಕತಾರೆ" ಅಂತ ಅಳುವಳು.

"ನೀನು ಮುಚ್ಕೊ ಅವ್ವ. ನಾನು ನೋಡ್ಕತೀನಿ" ಅನ್ನುವನು.

ಇಂಥ ಮಗನನ್ನು ಬಯ್ಯಬೇಕೋ ಮುದ್ದಾಡಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದಳು. ಬಯ್ಗುಳ ಹೊರಗೆ ಕೇಳಿಸುತ್ತಿತ್ತು, ಮುದ್ದು ಕೇಳಿಸುತ್ತಿರಲಿಲ್ಲ.

ಹೊಂಬಾಳಮ್ಮನ ಕಸುಬು ಬಾಣಂತಿ ಖಾರ ಕುಟ್ಟುವುದು. ಮೆಣಸು, ಹಿಪ್ಪಲಿ, ಒಣಶುಂಠಿ ಹುರಿದು ಒರಳಿಗೆ ಹಾಕಿ ಕುಟ್ಟಿದಳೆಂದರೆ ಸುತ್ತಲಿನ ಊರಿನ ಬಾಣಂತಿಯರೆಲ್ಲ ಅದರಲ್ಲೇ ಎದ್ದು ಓಡಾಡುತ್ತಿದ್ದರು. ಅದಕ್ಕೆ ಬೇಕಾದ ಮೆಣಸು ತರುವುದು ದೊಡ್ಡ ಪಟ್ಟಣದ ಸಂಬಾರ ಪೇಟೆಯಿಂದ. ರಾಜರು ಬರುವ ಮೊದಲೇ ಇದ್ದ ಪೇಟೆ ಅದು, ರಾಜರು ಹೋದ ಮೇಲೂ ಇರುವ ಪೇಟೆ. ಕಲ್ಲಿನ ಕಮಾನು ದಾಟಿ ಒಳಗೆ ಕಾಲಿಟ್ಟರೆ ಮೊದಲು ಕಣ್ಣಲ್ಲಿ ನೀರು, ಆಮೇಲೆ ಸೀನು, ಆಮೇಲೆ ಅಂಗಡಿ. ಒಂದು ಸಾಲಲ್ಲಿ ಲವಂಗ, ಒಂದು ಸಾಲಲ್ಲಿ ಚಕ್ಕೆ, ಒಂದು ಸಾಲಲ್ಲಿ ಇಂಗು. ವರ್ತಕರು ಸತ್ತರೂ ಅವರ ಬಟ್ಟೆಯ ವಾಸನೆ ಸಾಯುವುದಿಲ್ಲ ಅಂತ ಅಲ್ಲಿನವರೇ ಹೇಳಿಕೊಳ್ಳುತ್ತಿದ್ದರು.

ಆ ವರ್ಷ ಹೊಂಬಾಳಮ್ಮನ ಮಂಡಿ ಊದಿಕೊಂಡಿತು. ಹೊಸ್ತಿಲು ದಾಟುವುದೇ ಕಷ್ಟ. ಊರಲ್ಲಿ ಬಾಣಂತಿಯರು ಕಾಯುತ್ತಿದ್ದರು. ಬೇರೆ ದಾರಿ ಕಾಣದೆ ಮಗನನ್ನು ಕೂರಿಸಿಕೊಂಡು ಹೇಳಿದಳು:

"ನೋಡ್ಲಾ ಮಗಾ. ಆ ಪೇಟೇಲಿ ಬೆಲೆ ಬಾಯಲ್ಲಿ ಹೇಳಾಕಿಲ್ಲ. ಪಕ್ಕದ ಅಂಗಡಿಯೋನು ಕೇಳಿಸ್ಕತಾನೆ ಅಂತ ಕೈ ಮೇಲೆ ಬಟ್ಟೆ ಹಾಕ್ತಾರೆ. ಬಟ್ಟೆ ಕೆಳಗೆ ಬೆರಳು ಒತ್ತಿ ವ್ಯಾಪಾರ ಮಾಡ್ತಾರೆ. ನೀನು ತುಟಿ ಬಿಚ್ಚಬೇಡ. ಬಟ್ಟೆ ಹಾಕಿದ ಕಡೆ ಕೈ ಇಟ್ಕೊಂಡು ಸುಮ್ಕೆ ಕೂತ್ಕೊ. ಅವರು ಒತ್ತಿದ್ರೆ ನೀನೂ ಒತ್ತು. ನನ್ನ ಗುರುತು ಅವರಿಗದೆ, ಮೋಸ ಮಾಡಾಕಿಲ್ಲ."

"ಬಟ್ಟೆ ಹಾಕಿದ ಕಡೆ ಕೈ ಇಟ್ಕೊಂಡು ಸುಮ್ಕೆ ಕೂತ್ಕಬೇಕು" ಅಂತ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾ ಚಿಕ್ಕೀರ ಪಟ್ಟಣ ಸೇರಿದ.

ಕಮಾನಿನ ಪಕ್ಕದಲ್ಲೇ ಒಬ್ಬ ಕ್ಷೌರಿಕ ಕೂತಿದ್ದ. ಗಿರಾಕಿಯ ಕತ್ತಿನಿಂದ ಮೊಣಕಾಲಿನವರೆಗೂ ಬಿಳಿ ಬಟ್ಟೆ ಹೊದಿಸಿದ್ದ. ಬಟ್ಟೆ ಕಂಡದ್ದೇ ತಡ, ಚಿಕ್ಕೀರ ತನ್ನ ಸರದಿಗೆ ಕಾದು ಕೂತ. ಬಟ್ಟೆ ಹೊದಿಸಿಕೊಂಡ. ಕೈ ಒಳಗಿಟ್ಟುಕೊಂಡ. ತುಟಿ ಬಿಗಿದುಕೊಂಡ.

"ಗಡ್ಡಾನಾ, ತಲೇನಾ?" ಅಂದ ಕ್ಷೌರಿಕ. ಮಾತಿಲ್ಲ. ನೋಡಿದರೆ ಕಣ್ಣಲ್ಲಿ ಧಾರಾಕಾರ ನೀರು. ಪೇಟೆಯ ಮೆಣಸಿನಕಾಯಿ ಘಾಟು ಅದು. ಕ್ಷೌರಿಕ ಬೇರೆಯೇ ತಿಳಿದುಕೊಂಡ.

"ಯಾರು ಹೋದ್ರಪ್ಪಾ? ತಂದೇನಾ? ತಾಯೀನಾ?" ಅಂತ ಕೇಳುತ್ತಾ ಸಮಾಧಾನಕ್ಕೆ ಬಟ್ಟೆಯ ಮೇಲೆ ಚಿಕ್ಕೀರನ ಕೈ ಒತ್ತಿದ. ಒತ್ತಿದರೆ ಒತ್ತಬೇಕಲ್ಲ, ಚಿಕ್ಕೀರನೂ ಒತ್ತಿದ.

"ಪಾಪ, ತಾಯಿ" ಅಂದ ಕ್ಷೌರಿಕ. ತಲೆ ನುಣ್ಣಗೆ ಬೋಳಿಸಿದ. ಮೀಸೆಯನ್ನೂ ತೆಗೆದ. ಇಂಥ ಕೆಲಸಕ್ಕೆ ಏನೂ ಬೇಡ ಅಂತ ಬೆನ್ನು ಸವರಿ ಕಳಿಸಿದ.

ವ್ಯಾಪಾರ ಮುಗಿಯಿತು ಅಂತ ಊರಿಗೆ ಮರಳಿದವನ ಬೋಳುತಲೆಯನ್ನು ಊರ ಹೆಂಗಸರು ದೂರದಿಂದ ನೋಡಿದರು. ಹೊಂಬಾಳಮ್ಮ ಹೋದಳು ಅಂತ ಎದೆ ಬಡಿದುಕೊಂಡು ಮನೆಗೆ ನುಗ್ಗಿದರು. ಹೊಂಬಾಳಮ್ಮ ಒಲೆ ಮುಂದೆ ಕೂತು ಶುಂಠಿ ಹುರಿಯುತ್ತಿದ್ದಳು. ಬಂದವರು ತನ್ನನ್ನು ನೋಡಿ ಯಾಕೆ ಕಿರುಚಿದರು ಅಂತ ಅವಳಿಗೆ ತಿಳಿದದ್ದು ಮಗ ಒಳಗೆ ಬಂದ ಮೇಲೆ.

"ಬದುಕಿರೋ ತಾಯಿಗೆ ತಲೆ ಬೋಳಿಸ್ಕೊಂಡು ಬಂದ್ಯಲ್ಲೋ ಮುಂಡೇದೆ" ಅಂದಳು. "ಇದು ಮನೆಗೆ ಸಾವಿನ ದಾರಿ ತೋರ್ಸೋ ಕೆಲ್ಸ ಕಣೋ." ಬಯ್ದಳು ನಿಜ, ಆದರೆ ಬಯ್ಯುತ್ತಾ ಬಯ್ಯುತ್ತಲೇ ಮಗನ ಬೋಳುತಲೆಯನ್ನು ಸೆರಗಿನಿಂದ ಮುಚ್ಚಿದಳು.

ಆಮೇಲೆ ಹೊಸ ಬುದ್ಧಿ ಹೇಳಿದಳು. "ಬಟ್ಟೆ ಕಂಡಲ್ಲೆಲ್ಲ ಕೈ ಇಡಬೇಡ ಕಣ್ಲಾ. ಮೆಣಸಿನ ರಾಶಿ ಇರಬೇಕು. ರಾಶಿ ಹಿಂದೆ ಶೆಟ್ಟರಿರಬೇಕು. ಶೆಟ್ಟರ ಕೈ ಮೇಲೆ ಬಟ್ಟೆ ಇರಬೇಕು. ಅಲ್ಲಿ ಮಾತ್ರ ಕೈ ಇಡು."

"ರಾಶಿ ಇರಬೇಕು, ಶೆಟ್ಟರಿರಬೇಕು, ಬಟ್ಟೆ ಇರಬೇಕು" ಅಂತ ಹೇಳಿಕೊಳ್ಳುತ್ತಾ ಚಿಕ್ಕೀರ ಮಾರನೇ ದಿನ ಮತ್ತೆ ಹೊರಟ.

ಅವತ್ತು ಪೇಟೆ ಬೇರೆ ಥರ ಇತ್ತು. ಅಂಗಡಿಗಳ ಬಾಗಿಲು ಅರ್ಧ ಎಳೆದಿತ್ತು. ವಾಸನೆ ಇತ್ತು, ಸೀನುವವರಿರಲಿಲ್ಲ. ಚಿಕ್ಕೀರ ಲವಂಗದ ಸಾಲು ದಾಟಿದ, ಚಕ್ಕೆಯ ಸಾಲು ದಾಟಿದ. ಮೆಣಸಿನ ಸಾಲಿನ ಕೊನೆಗೆ ಬಂದರೆ ಪಾಪಯ್ಯ ಶೆಟ್ಟರ ಅಂಗಡಿ. ಅಂಗಡಿ ಮುಂದೆ ಮೆಣಸಿನ ರಾಶಿ ಇತ್ತು. ರಾಶಿಯ ಹಿಂದೆ ಶೆಟ್ಟರಿದ್ದರು. ಶೆಟ್ಟರ ಮೇಲೆ ಬಟ್ಟೆ ಇತ್ತು.

ಬಟ್ಟೆ ಕಾಲಿಂದ ತಲೆವರೆಗೂ ಇತ್ತು. ತಲೆಯ ಹತ್ತಿರ ಒಂದು ದೀಪ ಉರಿಯುತ್ತಿತ್ತು.

ನಿಮಗೆ ತಿಳಿಯಿತು. ಚಿಕ್ಕೀರನಿಗೆ ತಿಳಿಯಲಿಲ್ಲ. ಆ ಪೇಟೆಯಲ್ಲಿ ವರ್ತಕ ಸತ್ತರೆ ಅಂಗಡಿ ಮುಂದೆಯೇ ಮಲಗಿಸಿ, ಅವನು ಮಾರುತ್ತಿದ್ದ ಮಾಲನ್ನೇ ಪಕ್ಕದಲ್ಲಿ ಸುರಿಯುವ ಪದ್ಧತಿ. ಶೆಟ್ಟರು ಬೆಳಗಿನ ಜಾವ ಹೋಗಿದ್ದರು. ಹೆಂಗಸರು ಒಳಗಿದ್ದರು, ಗಂಡಸರು ಚಟ್ಟಕ್ಕೆ ಬಿದಿರು ತರಲು ಹೋಗಿದ್ದರು. ಅಲ್ಲಿ ಒಂದು ನೊಣ ಕೂಡ ಇರಲಿಲ್ಲ.

ಚಿಕ್ಕೀರ ರಾಶಿಯನ್ನು ಬಳಸಿ ಬಂದು ಶೆಟ್ಟರ ಇನ್ನೊಂದು ಮಗ್ಗುಲಲ್ಲಿ ಚಕ್ಕಂಬಕ್ಕಳ ಹಾಕಿ ಕೂತ. ಬಟ್ಟೆ ಕೆಳಗೆ ಕೈ ಹಾಕಿ ಶೆಟ್ಟರ ಕೈ ಹುಡುಕಿ ಹಿಡಿದ. ತಣ್ಣಗಿತ್ತು. ತುಟಿ ಬಿಚ್ಚಬಾರದು ಅಂತ ಅವ್ವ ಹೇಳಿದ್ದಳಲ್ಲ, ಬಿಚ್ಚಲಿಲ್ಲ. ಕೂತ. ಶೆಟ್ಟರು ಒತ್ತಲಿಲ್ಲ. ದೊಡ್ಡ ವರ್ತಕರು, ಯೋಚನೆ ಮಾಡುತ್ತಿರಬೇಕು ಅಂದುಕೊಂಡ. ಇನ್ನೂ ಕೂತ. ದೀಪ ಒಮ್ಮೆ ಅಲ್ಲಾಡಿತು.

ಆಮೇಲೆ ಬಟ್ಟೆ ಕೆಳಗೆ ಒಂದು ಬೆರಳು ಮಿಸುಕಿತು. ಅದರ ಪಕ್ಕದ್ದು ಮಿಸುಕಿತು. ನಿಧಾನಕ್ಕೆ ಇಡೀ ಕೈ ಮಡಚಿಕೊಂಡು ಚಿಕ್ಕೀರನ ಅಂಗೈಯನ್ನು ಪೂರ್ತಿ ಹಿಡಿದು ಒತ್ತಿತು.

ಚಿಕ್ಕೀರನಿಗೆ ಬಹಳ ಸಂತೋಷ ಆಯಿತು. ಅವನೂ ಒತ್ತಿದ.

ಅಷ್ಟು ಹೊತ್ತಿಗೆ ಬಿದಿರು ಹೊತ್ತು ಬಂದ ಶೆಟ್ಟರ ಭಾವಮೈದುನ ಇದನ್ನು ನೋಡಿದ. ಬಿದಿರನ್ನು ಅಲ್ಲೇ ಬಿಸಾಕಿ ಓಡಿಬಂದು ಚಿಕ್ಕೀರನನ್ನು ಎಳೆದ. ಕೈ ಬರಲಿಲ್ಲ. ಇನ್ನಿಬ್ಬರು ಬಂದು ಎಳೆದರು. ಕೊನೆಗೆ ಕೈ ಬಿಟ್ಟಾಗ ಅದು ಜಾರಿ ಬಂದದ್ದಲ್ಲ, ಆ ಕಡೆಯವರೇ ಬಿಟ್ಟ ಹಾಗಿತ್ತು. ನಾಲ್ಕು ಬಿಗಿದು ಕಮಾನಿನ ಆಚೆ ದೂಡಿದರು.

ಮನೆಗೆ ಬಂದವನ ಕೈ ಖಾಲಿ.

"ಮೆಣಸೆಲ್ಲಿ?" ಅಂದಳು ಹೊಂಬಾಳಮ್ಮ.

"ಶೆಟ್ಟರು ಕಳಿಸ್ತಾರೆ ಅವ್ವ. ವ್ಯಾಪಾರ ಆಯ್ತು."

"ಯಾವ ಶೆಟ್ಟರು?"

ಚಿಕ್ಕೀರ ಎಲ್ಲವನ್ನೂ ಹೇಳಿದ. ರಾಶಿ ಹೇಳಿದ, ಬಟ್ಟೆ ಹೇಳಿದ, ದೀಪ ಹೇಳಿದ. ಹೊಂಬಾಳಮ್ಮ ಅವನ ಕೈ ಹಿಡಿದು ನೋಡಿದಳು. ಬಿಸಿಲಲ್ಲಿ ನಡೆದು ಬಂದವನ ಕೈ ಬಾವಿ ನೀರಿನ ಹಾಗೆ ತಣ್ಣಗಿತ್ತು.

"ಸತ್ತೋರ ಕೈ ಹಿಡಿದು ಬಂದ್ಯೇನೋ ಪಾಪಿ. ಎಷ್ಟು ಬೆರಳು ಒತ್ತಿದ್ರು?"

"ಬೆರಳಲ್ಲ ಅವ್ವ, ಇಡೀ ಅಂಗೈ."

ಹೊಂಬಾಳಮ್ಮ ಆ ಕೈಯನ್ನು ಸೆರಗಿನಲ್ಲಿ ಸುತ್ತಿ ಹಿಡಿದಳು. ಆ ಪೇಟೆಯಲ್ಲಿ ಇಡೀ ಅಂಗೈ ಹಿಡಿದರೆ, ಹಿಡಿದವನು ತನ್ನ ಎದುರಿಗಿರುವ ಮಾಲಷ್ಟನ್ನೂ ಕೊಂಡ ಹಾಗೆ. ಕೈ ಒತ್ತಿದ ವ್ಯಾಪಾರವನ್ನು ಅಲ್ಲಿ ಯಾರೂ ಮುರಿದವರಿಲ್ಲ.

"ಮಗಾ, ಶೆಟ್ಟರ ಎದುರಿಗೆ ಏನಿತ್ತು?" ಅಂತ ಕೇಳಿದಳು.

"ಮೆಣಸು ಅವರ ಕಡೆ ಇತ್ತು. ಈ ಕಡೆ ಏನಿರ್ಲಿಲ್ಲ. ನಾನೊಬ್ಬನೇ ಕೂತಿದ್ದೆ."

ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಆಚೆ ಒಂದು ಮೂಟೆ. ಬಾಯಿ ಹೊಲಿದ ಗೋಣಿ ಮೂಟೆ, ಒಳಗೆ ಒಳ್ಳೇ ದಪ್ಪ ಮೆಣಸು. ಗಾಡಿ ಬಂದ ಗುರುತಿಲ್ಲ. ಹೊತ್ತು ತಂದವರನ್ನು ಕಂಡವರಿಲ್ಲ. ಗೋಣಿಯ ತಳಕ್ಕೆ ಬೂದಿ ಮೆತ್ತಿತ್ತು.

ಹೊಂಬಾಳಮ್ಮನಿಗೆ ತಿಳಿದುಹೋಯಿತು. ಶೆಟ್ಟಿ ಕೊಡಬೇಕಾದ್ದನ್ನು ಕೊಟ್ಟಿದ್ದಾನೆ. ಮೂಟೆ ದಾರಿಯಿಲ್ಲದೆ ಬಂದಿದೆ, ಸತ್ತವನು ದಾರಿ ಸಿಕ್ಕಿದ ಮೇಲೆ ಕೊಂಡದ್ದನ್ನು ಒಯ್ಯಲು ಬರುತ್ತಾನೆ. ಪೆದ್ದನೋ ಪಿಳ್ಳೆಯೋ, ಇರುವವನು ಒಬ್ಬನೇ ಮಗ. ಅವನನ್ನು ಹೇಗೆ ಕೊಡುವುದು?

"ಈಗಿಂದೀಗ್ಲೇ ಇದನ್ನ ಹೊತ್ಕೊಂಡು ಹೋಗ್ಲಾ. ಶೆಟ್ಟರ ಬಾಗ್ಲಲ್ಲಿ ಇಡು. 'ವ್ಯಾಪಾರ ಬ್ಯಾಡ' ಅನ್ನು, ಬಂದುಬಿಡು. ಹಿಂದೆ ತಿರುಗಿ ನೋಡಬೇಡ. ಯಾರು ಏನಂದ್ರೂ, ಏನು ಸದ್ದಾದ್ರೂ ಹಿಂದೆ ತಿರುಗಬೇಡ."

"ತಿರುಗಾಕಿಲ್ಲ ಅವ್ವ."

ಹೆಗಲ ಮೇಲೆ ಮೂಟೆ ಹೊತ್ತು ಚಿಕ್ಕೀರ ಹೊರಟ. ಗೋಣಿಗೆ ಹಿಂದುಗಡೆ ಒಂದು ತೂತಿತ್ತು. ಮನೆ ಬಾಗಿಲಿಂದಲೇ ಕಾಳು ಒಂದೊಂದಾಗಿ ಬೀಳಲು ಶುರುವಾಯಿತು. ಕೆರೆ ಏರಿಯ ಮೇಲೆ ಸಿಕ್ಕ ಕುರಿಯವನು, "ಲೇ, ಮೆಣಸು ಚೆಲ್ತಾ ಅದೆ, ತಿರುಗಿ ನೋಡೋ" ಅಂದ.

"ತಿರುಗಬಾರ್ದು ಅಂದವ್ಳೆ ನಮ್ಮವ್ವ" ಅಂತ ಚಿಕ್ಕೀರ ನಡೆದೇ ನಡೆದ.

ಪೇಟೆ ಸೇರುವ ಹೊತ್ತಿಗೆ ಹೆಗಲ ಮೇಲೆ ಬರೀ ಗೋಣಿ. ಶೆಟ್ಟರ ಅಂಗಡಿಗೆ ಬೀಗ. ಬೀಗದ ಮುಂದೆ ಖಾಲಿ ಗೋಣಿ ಇಟ್ಟು, "ವ್ಯಾಪಾರ ಬ್ಯಾಡ ಶೆಟ್ರೇ" ಅಂದ. ಇನ್ನು ಮನೆಗೆ ಹೋಗಬೇಕು. ಬಂದ ದಾರಿಯಲ್ಲಿ ಹೋಗಬೇಕಾದರೆ ಹಿಂದೆ ತಿರುಗಬೇಕು. ಅವ್ವ ತಿರುಗಬೇಡ ಅಂದಿದ್ದಾಳೆ. ಚಿಕ್ಕೀರ ನೇರ ಮುಂದಕ್ಕೇ ನಡೆದ. ಪೇಟೆಯ ಆ ತುದಿಯಿಂದ ಹೊರಬಿದ್ದು, ಇಡೀ ಪಟ್ಟಣಕ್ಕೆ ಒಂದು ಸುತ್ತು ಹಾಕಿ, ಊರ ದಾರಿಗೆ ಬಂದು ಸೇರಿದ. ಸುಸ್ತಾಗಿತ್ತು, ಆದರೆ ತಾಯಿ ಮಾತು ಉಳಿಸಿದೆ ಅಂತ ನೆಮ್ಮದಿ ಇತ್ತು.

ಊರ ದಾರಿಯಲ್ಲಿ ಅವನ ಹಿಂದೆ ಸದ್ದಾಯಿತು.

ಯಾರೋ ಎರಡು ಹೆಜ್ಜೆ ಇಡುತ್ತಿದ್ದರು, ನಿಲ್ಲುತ್ತಿದ್ದರು. ಬಗ್ಗುತ್ತಿದ್ದರು. ತಗಡಿನ ಪಾವಿಗೆ ಒಂದು ಕಾಳು ಬಿದ್ದ ಸದ್ದು, ಟಿಕ್. ಮತ್ತೆ ಎರಡು ಹೆಜ್ಜೆ. ಟಿಕ್. ಚಿಕ್ಕೀರ ತಿರುಗಲಿಲ್ಲ.

"ಯಾವೂರಪ್ಪಾ?" ಅಂತ ಹಿಂದಿನಿಂದ ದನಿ ಬಂತು. ತಿರುಗಬೇಡ ಅಂದಿದ್ದಳು ಅವ್ವ, ಮಾತಾಡಬೇಡ ಅಂದಿರಲಿಲ್ಲ. ಚಿಕ್ಕೀರ ಊರಿನ ಹೆಸರು ಹೇಳಿದ.

"ಮನೆ ಯಾವ ಕಡೆ?"

"ಈ ಕಾಳು ಎಲ್ಲಿ ಮುಗೀತದೋ ಅದೇ ಮನೆ ಬುದ್ಧೀ."

"ಸರಿ, ನೀನು ಮುಂದೆ ನಡಿ. ಮಾಲು ದಾರಿಗೆ ಬಿಡೋದಕ್ಕೆ ಆಗಲ್ಲ. ಒಂದೊಂದೇ ಆರಿಸ್ಕೊಂಡು ಬರ್ತೀನಿ."

"ನಿಧಾನಕ್ಕೆ ಬನ್ನಿ ಬುದ್ಧೀ" ಅಂದ ಚಿಕ್ಕೀರ. ಮರ್ಯಾದೆ ಗೊತ್ತಿದ್ದ ಹುಡುಗ.

ಮನೆಗೆ ಬಂದು ಇದನ್ನೆಲ್ಲ ತಾಯಿಗೆ ಹೇಳಿದ. ತಿರುಗಲಿಲ್ಲ ಅನ್ನುವುದನ್ನು ಎರಡು ಸಲ ಹೇಳಿದ. ಹೊಂಬಾಳಮ್ಮ ಗೋಡೆ ಹಿಡಿದು ಎದ್ದು ಬಾಗಿಲಿಗೆ ಬಂದಳು. ಹೊಸ್ತಿಲಿಂದ ಬೀದಿಗೆ, ಬೀದಿಯಿಂದ ಏರಿಗೆ, ಕಪ್ಪು ಗೆರೆ ಎಳೆದ ಹಾಗೆ ಮೆಣಸು ಬಿದ್ದಿತ್ತು.

"ಸತ್ತೋನಿಗೆ ಮನೆಗಂಟ ದಾರಿ ಹಾಕ್ಕೊಟ್ಟು ಬಂದ್ಯಲ್ಲೋ" ಅಂತ ತಲೆ ಚಚ್ಚಿಕೊಂಡಳು. "ಪೊರಕೆ ತಗೊ. ನಮ್ಮ ಬೀದೀಲಿರೋದನ್ನಾದ್ರೂ ಗುಡಿಸು. ಒಂದು ಕಾಳೂ ಹೊರಗೆ ಬಿಡಬೇಡ."

ಚಿಕ್ಕೀರ ಗುಡಿಸಿದ. ಬಹಳ ಚೆನ್ನಾಗಿ ಗುಡಿಸಿದ. ಬೀದಿಯಲ್ಲಿದ್ದ ಕಾಳನ್ನೆಲ್ಲ ಗುಡಿಸಿ ಗುಡಿಸಿ ಹೊಸ್ತಿಲು ದಾಟಿಸಿ, ನಡುಮನೆಗೆ ತಂದು, ಅವ್ವನ ಚಾಪೆಯ ಪಕ್ಕ ರಾಶಿ ಹಾಕಿದ.

"ಒಂದು ಕಾಳೂ ಹೊರಗೆ ಬಿಟ್ಟಿಲ್ಲ ಅವ್ವ."

ಈ ಸಲ ಹೊಂಬಾಳಮ್ಮ ಬಯ್ಯಲಿಲ್ಲ. ರಾಶಿಯನ್ನು ನೋಡಿದಳು, ಮಗನ ಮುಖ ನೋಡಿದಳು. ನಗು ಬಂತು. ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು. ಮಗನನ್ನು ಹತ್ತಿರ ಕೂರಿಸಿಕೊಂಡು, ಇಷ್ಟು ದೊಡ್ಡವನನ್ನು, ಕೈತುತ್ತು ಹಾಕಿ ಉಣ್ಣಿಸಿದಳು. ಬಯ್ಯದ ಅವ್ವನನ್ನು ಕಂಡು ಚಿಕ್ಕೀರನಿಗೆ ಮೊದಲ ಸಲ ಹೆದರಿಕೆ ಆಯಿತು.

ಮಾರನೇ ದಿನ ನೆತ್ತಿಯ ಮೇಲೆ ಬಿಸಿಲು. ನೆರಳೆಲ್ಲ ಕಾಲ ಕೆಳಗೆ ಸೇರಿಕೊಂಡಿತ್ತು. ಬೀದಿಯಲ್ಲಿ ಜನ ಇಲ್ಲ, ಕೋಳಿಗಳು ಬುಟ್ಟಿ ಸಂದಿಯಲ್ಲಿ ಮಲಗಿದ್ದವು. ಏರಿಯ ಕಡೆಯಿಂದ ಸದ್ದು ಬಂತು. ಎರಡು ಹೆಜ್ಜೆ. ಟಿಕ್. ಎರಡು ಹೆಜ್ಜೆ. ಟಿಕ್.

ಹೊಂಬಾಳಮ್ಮ ಮುಂಬಾಗಿಲು ಹಾಕಿ ಅಗುಳಿ ಜಡಿದಳು. ಮಗನನ್ನು ಒಳಗಿನ ಕೋಣೆಗೆ ತಳ್ಳಿ ಪಿಸುಗುಟ್ಟಿದಳು:

"ಕೇಳು ಮಗಾ, ಇದೊಂದು ಮಾತು ಕೇಳು. ಅವನು ಬಂದು ಚಿಕ್ಕೀರ ಮನೇಲವ್ನಾ ಅಂತಾನೆ. ನಾನು ಇಲ್ಲ ಅಂತೀನಿ. ಆ ಪೇಟೆಯೋರು ಮಾಲಿಲ್ಲ ಅಂದ ಬಾಗ್ಲಿಗೆ ಮತ್ತೆ ಬರಾಕಿಲ್ಲ, ಹೊಂಟೋಯ್ತಾರೆ. ಆದ್ರೆ ಸುಳ್ಳು ಅಂತ ಗೊತ್ತಾದ್ರೆ ಮುಗೀತು. ನನ್ನ ಮಾತು ಸುಳ್ಳಾಗದಂಗೆ ನೋಡ್ಕೊ. ನಿನ್ನ ದಮ್ಮಯ್ಯ ಮಗಾ, ನನ್ನ ಮಾತು ಸುಳ್ಳು ಮಾಡಬೇಡ."

"ಮಾಡಾಕಿಲ್ಲ ಅವ್ವ" ಅಂದ ಚಿಕ್ಕೀರ.

ಗುಡಿಸಿದ ಪೊರಕೆ ಗೆರೆ ಹಿಡಿದು ಬೀದಿಯ ಸದ್ದು ಹೊಸ್ತಿಲಿಗೆ ಬಂದು ನಿಂತಿತು. ಬಾಗಿಲ ಸಂದಿಯಿಂದ ಮೆಣಸಿನ ವಾಸನೆ, ಬೂದಿಯ ವಾಸನೆ ಒಳಗೆ ಬಂತು. ಯಾರೂ ಬಾಗಿಲು ತಟ್ಟಲಿಲ್ಲ.

"ಹೊಂಬಾಳಮ್ಮಾ, ಚಿಕ್ಕೀರ ಮನೇಲಿದ್ದಾನೇನಮ್ಮಾ?" ದನಿ ಮೆತ್ತಗಿತ್ತು, ಹಳೇ ಗಿರಾಕಿಯನ್ನು ಮಾತಾಡಿಸುವ ದನಿ.

"ಇಲ್ಲ ಶೆಟ್ರೇ. ಮನೇಲಿಲ್ಲ."

ಹೊರಗೆ ಪಾವಿನ ಕಾಳು ಒಮ್ಮೆ ಅಲುಗಿದ ಸದ್ದಾಯಿತು.

"ನಿಜವಾಗ್ಲೂ ಇಲ್ವೇನಮ್ಮಾ?"

ಹೊಂಬಾಳಮ್ಮ ಅಗುಳಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಳು. "ನನ್ನ ಮಗನಾಣೆ ಶೆಟ್ರೇ. ಚಿಕ್ಕೀರ ಮನೇಲಿಲ್ಲ."

ಹೆಜ್ಜೆ ಸದ್ದು ಹೊಸ್ತಿಲಿಂದ ಹಿಂದೆ ಸರಿಯಿತು. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ಹೋಗುತ್ತಿದ್ದ. ಹೊಂಬಾಳಮ್ಮ ಅಗುಳಿಯ ಮೇಲಿನ ಹಿಡಿತ ಸಡಿಲಿಸಿದಳು.

ಆಗ ಹೊರಗಿನಿಂದ, ಶೆಟ್ಟಿ ನಿಂತಿದ್ದ ಕಡೆಯಿಂದಲೇ, ಇನ್ನೊಂದು ದನಿ ಕೇಳಿಸಿತು. ಹಿತ್ತಲ ಬಾಗಿಲು ತೆಗೆದುಕೊಂಡು ಹೋಗಿ, ಮನೆ ಬಳಸಿಕೊಂಡು, ಓಡಿ ಬಂದು ಬೀದಿಯಲ್ಲಿ ನಿಂತವನ ದನಿ. ಏದುಸಿರಿತ್ತು, ಹೆಮ್ಮೆ ಇತ್ತು.

"ನಮ್ಮವ್ವ ಹೇಳಿದ್ದು ನಿಜ ಬುದ್ಧೀ. ನಾನು ಮನೇಲಿಲ್ಲ. ಇಲ್ಲಿವ್ನಿ."

ಹೊಂಬಾಳಮ್ಮ ಜಡಿದ ಅಗುಳಿಯನ್ನು ಕಿತ್ತೆಳೆದಳು. ತೆಗೆದು ಹೊರಗೆ ಬಂದಾಗ ಬೀದಿ ತುಂಬ ಬಿಸಿಲಿತ್ತು. ಯಾರೂ ಇರಲಿಲ್ಲ. ಊದಿದ ಮಂಡಿಯಲ್ಲೇ ಏರಿಯವರೆಗೂ ಹೆಸರು ಕೂಗುತ್ತಾ ಹೋದಳು. ಕುರಿಯವನು ತಾನು ಯಾರನ್ನೂ ನೋಡಲಿಲ್ಲ ಅಂದ.

ಊರಿನವರು ಹುಡುಕಿದರು, ಪೇಟೆಯಲ್ಲಿ ಕೇಳಿದರು, ಸುಮ್ಮನಾದರು. ಹೊಂಬಾಳಮ್ಮ ಈಗಲೂ ಖಾರ ಕುಟ್ಟುತ್ತಾಳೆ. ಮುಂಬಾಗಿಲು ಹಾಕುವುದಿಲ್ಲ. ದಾರಿಯಲ್ಲಿ ಹೋಗುವ ಯಾರಾದರೂ, ತಿಳಿಯದವರು, ಮಗ ಮನೆಯಲ್ಲಿದ್ದಾನಾ ಅಂತ ಕೇಳಿದರೆ ಒನಕೆ ನಿಲ್ಲಿಸಿ ಗಟ್ಟಿಯಾಗಿ, ಬೀದಿಯ ಕೊನೆಗೂ ಕೇಳಿಸುವ ಹಾಗೆ, "ಅವ್ನೆ, ಮನೇಲೇ ಅವ್ನೆ" ಅನ್ನುತ್ತಾಳೆ. ಹೇಳಿ ಬಾಗಿಲ ಕಡೆ ನೋಡುತ್ತಾ ಕೂರುತ್ತಾಳೆ. ತನ್ನ ಮಾತನ್ನು ಮಗ ಸುಳ್ಳು ಮಾಡುವವನಲ್ಲ ಅಂತ ಅವಳಿಗೆ ಗೊತ್ತು.